ದಾಖಲೆಯ ಮರವೂ ದಾರಿಯ ಮರವೂ

ಒಂದು ಸೀಮೆಯ ಅತ್ಯಂತ ಹಿರಿಯ ಮರ ಯಾವುದು, ಅತ್ಯಂತ ದಪ್ಪನೆಯ ಮರ ಯಾವುದು, ಅತ್ಯಂತ ವಿಶಾಲವಾಗಿ ಹರಡಿಕೊಂಡ ಮರ ಯಾವುದು ಎಂಬುದನ್ನು ಗೊತ್ತುಮಾಡಿ, ಅದರ ಸುತ್ತ ಬೇಲಿ ಕಟ್ಟಿ, ವಯಸ್ಸನ್ನು ಬರೆದ ಫಲಕವೊಂದನ್ನು ನೆಟ್ಟು, ಪ್ರವಾಸಿಗರು ನೋಡತಕ್ಕ ಸ್ಥಳಗಳ ಪಟ್ಟಿಗೆ ಅದನ್ನು ಸೇರಿಸಿಬಿಟ್ಟರೆ ವೃಕ್ಷಗಳ ವಿಷಯದಲ್ಲಿ ಆ ಸೀಮೆಯ ಕರ್ತವ್ಯ ತೀರಿತೆಂದೂ, ಮಿಕ್ಕ ಮರಗಳನ್ನು ಆವಶ್ಯಕತೆ ಬಿದ್ದಾಗ ಕಡಿದು ಒಂದಕ್ಕೆ ಹತ್ತರಂತೆ ಸಸಿ ನೆಟ್ಟು ಲೆಕ್ಕವನ್ನು ಸರಿದೂಗಿಸಿಕೊಳ್ಳಬಹುದೆಂದೂ ಹೇಳುವ ಮತವೊಂದು ಈಚಿನ ವರ್ಷಗಳಲ್ಲಿ ನಮ್ಮ ನಡುವೆ ಬಲವಾಗಿ ನೆಲೆಗೊಂಡಿದೆ. ಈ ಮತವನ್ನು ಹಿಡಿದವರು ಕಂತ್ರಾಟುದಾರರೂ ಕಾಮಗಾರಿಯ ಅಧಿಕಾರಿಗಳೂ ಮಾತ್ರವೇ ಆಗಿದ್ದರೆ ಇಷ್ಟು ವಿಸ್ತಾರವಾಗಿ ಬರೆಯುವ ಪ್ರಮೇಯವಿರುತ್ತಿರಲಿಲ್ಲ. ಯಲಹಂಕದ ಬಡಾವಣೆಗಳಲ್ಲಿಯೂ ಆರ್.ಟಿ. ನಗರದ ಉದ್ಯಾನಗಳಲ್ಲಿಯೂ ಬೆಳಗಿನ ಹೊತ್ತು ನಡೆಯಲು ಬರುವ ಸಜ್ಜನರು, ರಜೆಯ ದಿನ ಮಕ್ಕಳನ್ನು ಕರೆದುಕೊಂಡು ರಾಮೋಹಳ್ಳಿಯ ದೊಡ್ಡ ಆಲದ ಮರವನ್ನು ತೋರಿಸಿಕೊಂಡು ಬರುವ ತಾಯಿತಂದೆಯರು, ಮರಗಳಲ್ಲಿ ನಿಜವಾದ ಪ್ರೀತಿಯುಳ್ಳ ಅನೇಕರು ಇದನ್ನು ಸಮಂಜಸವಾದ ಏರ್ಪಾಡೆಂದು ಅಂಗೀಕರಿಸಿದ್ದಾರೆ. ದುರುದ್ದೇಶದವರು ಆಡುವ ಮಾತಿಗಿಂತ ಸಜ್ಜನರು ಒಪ್ಪಿಕೊಂಡ ತಪ್ಪು ಹೆಚ್ಚು ಹಾನಿಕರವಾದುದರಿಂದ ಇದನ್ನು ಬುಡದಿಂದಲೇ ಪರೀಕ್ಷಿಸಬೇಕಾಗಿದೆ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸಿಕೊಳ್ಳುವುದು ನ್ಯಾಯ. ಕೋಟಿಯನ್ನು ಮೀರಿದ ಜನಸಂಖ್ಯೆಯ ಊರು ನಮ್ಮ ಬೆಂಗಳೂರು. ಹೆಬ್ಬಾಳದ ಮೇಲುಸೇತುವೆಯ ಬಳಿ ಸಂಜೆಯ ಹೊತ್ತು ನಿಂತ ವಾಹನಗಳ ಸಾಲಿನಲ್ಲಿ ರೋಗಿಯನ್ನು ಹೊತ್ತ ಆಂಬುಲೆನ್ಸು ಒಂದು ಸಿಕ್ಕಿಕೊಂಡಿರುವುದನ್ನು ಕಂಡವರಾರೂ ರಸ್ತೆಯ ಅಗತ್ಯವನ್ನು ಹಗುರವಾಗಿ ಅಲ್ಲಗಳೆಯಲಾರರು. ಊರಿನ ಪ್ರತಿಯೊಂದು ಮರವನ್ನೂ ಉಳಿಸುತ್ತೇವೆಂದರೆ ಮೆಟ್ರೋ ಹಳಿಗೆ ಎಡೆಯಿಲ್ಲ, ನೀರಿನ ಕೊಳವೆಗೆ ಎಡೆಯಿಲ್ಲ. ಆದುದರಿಂದ ಯಾವುದು ಅಪೂರ್ವವೋ ಅದನ್ನು ಉಳಿಸೋಣ, ಯಾವುದು ಸಾಮಾನ್ಯವೋ ಅದಕ್ಕೆ ಬದಲು ಕೊಡೋಣ, ಅಪೂರ್ವವಾವುದು ಎಂಬುದನ್ನು ನಿರ್ಣಯಿಸುವುದಕ್ಕೆ ವಯಸ್ಸು, ಸುತ್ತಳತೆ, ವಿಸ್ತಾರಗಳೆಂಬ ಅಳೆಯಬಹುದಾದ ಲಕ್ಷಣಗಳನ್ನು ಹಿಡಿಯೋಣ ಎಂದು ಇವರು ಹೇಳುತ್ತಾರೆ. ಮಾತು ವಿವೇಕದಂತೆ ಕೇಳುತ್ತದೆ. ಆದರೆ ಇದರೊಳಗೆ ಎರಡು ಊಹೆಗಳು ಅಡಗಿವೆ. ಮರದ ಅಪೂರ್ವತೆ ಆ ಒಂಟಿ ಮರದಲ್ಲಿಯೇ ಇದೆ ಎಂಬುದು ಒಂದು. ದಾಖಲೆಗೆ ಸೇರದ ಹಳೆಯ ಮರದ ಕೆಲಸವನ್ನು ಸಸಿಗಳ ಗುಂಪು ಮಾಡಬಲ್ಲುದು ಎಂಬುದು ಇನ್ನೊಂದು. ಎರಡೂ ನಿಲ್ಲತಕ್ಕವಲ್ಲ.

ನಮ್ಮ ಉತ್ತರ ದಿಕ್ಕಿನಲ್ಲಿ ದಾಖಲೆಯ ಮರಗಳೆಂದರೆ ನಲ್ಲೂರಿನ ಹುಣಸೆ ತೋಪು. ದೇವನಹಳ್ಳಿಗೆ ಸಮೀಪದಲ್ಲಿ ಸುಮಾರು 54 ಎಕರೆಯ ಮೇಲೆ ಹರಡಿ, ಮುನ್ನೂರರಷ್ಟು ಮರಗಳನ್ನುಳ್ಳ ಈ ತೋಪನ್ನು 2002ರ ಜೀವವೈವಿಧ್ಯ ಅಧಿನಿಯಮದ ಮೇರೆಗೆ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಇಡೀ ಭಾರತದಲ್ಲಿ ಆ ಗೌರವವನ್ನು ಮೊದಲು ಪಡೆದ ನೆಲ ಇದೇ. ಇಲ್ಲಿನ ಹಿರಿಯ ಮರವೊಂದರ ಬಳಿಗೆ ಹೋಗಿ ನಿಂತರೆ, ಹುಣಸೆಯೆಂದು ನಾವು ಬಲ್ಲ ಮರ ಇದೇ ಹೌದೋ ಅಲ್ಲವೋ ಎಂಬ ಅನುಮಾನ ಬರುತ್ತದೆ. ತಿರುಳು ಯಾವ ಕಾಲದಲ್ಲಿಯೋ ಕರಗಿಹೋಗಿ, ಕಾಂಡದ ಹೊರಗೋಡೆಯೊಂದೇ ಉಳಿದು, ಆ ಗೋಡೆಯೂ ಸೀಳಿ ಎರಡಾಗಿ ಮೂರಾಗಿ, ಪ್ರತಿಯೊಂದು ಸೀಳೂ ತನ್ನ ಪಾಡಿಗೆ ತಾನು ತಿರುಚಿಕೊಂಡು ಮೇಲೆದ್ದು, ಗಂಟುಗಂಟಾದ ತೊಗಟೆಯ ಮೇಲಿಂದ ಎಳೆಯ ರೆಂಬೆಗಳನ್ನು ಚಾಚಿ, ಒಂದೇ ಬೇರಿನ ಮೇಲೆ ನಿಂತ ಒಂದು ಕುಟುಂಬದಂತೆ ಬದುಕುತ್ತಿದೆ. ಸತ್ತ ಭಾಗ ಯಾವುದು, ಬದುಕಿರುವ ಭಾಗ ಯಾವುದು ಎಂದು ಕೈಯಿಟ್ಟು ಹೇಳುವುದು ಸುಲಭವಲ್ಲ. ಹಳೆಯ ಗುಡಿಯ ಅವಶೇಷಗಳೂ ಈ ಮರಗಳ ನಡುವೆಯೇ ಇವೆ. ನಲ್ಲೂರಿನ ಘೋಷಣೆ ಆಗಬೇಕಾಗಿದ್ದ ಕೆಲಸವೇ. 2010ರಲ್ಲಿ ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ 167 ಹೆಕ್ಟೇರ್ ಆವರಣಕ್ಕೂ ಇದೇ ಮನ್ನಣೆ ದೊರೆತದ್ದು ಸಂತೋಷದ ಸಂಗತಿ. ನನ್ನ ತಕರಾರು ಈ ಘೋಷಣೆಗಳ ಮೇಲಲ್ಲ, ಅವುಗಳಿಂದ ನಾವು ತೆಗೆದ ಅರ್ಥದ ಮೇಲೆ.

ಏಕೆಂದರೆ ನಲ್ಲೂರಿಗೆ ಮನ್ನಣೆ ಬಂದ ಮರುವರ್ಷವೇ, 2008ರ ಮೇ 24ರಂದು, ಅದೇ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಗೆ ಹೋಗುವ ಬಳ್ಳಾರಿ ರಸ್ತೆ ಮತ್ತೆ ಮತ್ತೆ ಅಗಲವಾಯಿತು. ಎತ್ತಿನ ಗಾಡಿಗಳ ಕಾಲದಿಂದ ಆ ದಾರಿಯ ಇಬ್ಬದಿಯಲ್ಲಿ ನಿಂತಿದ್ದ ಸಾಲುಮರಗಳು ಉರುಳಿದವು. ಅವುಗಳಲ್ಲಿಯೂ ಹುಣಸೆಯಿತ್ತು, ಆಲವಿತ್ತು. ಒಂದೇ ತಾಲ್ಲೂಕು, ಒಂದೇ ಜಾತಿಯ ಮರ. ಒಂದು ಕಡೆ ಅದು ರಾಷ್ಟ್ರದ ಪರಂಪರೆಯಾಯಿತು, ಇನ್ನೊಂದು ಕಡೆ ಸೌದೆಯಾಯಿತು. ಈ ಭೇದಕ್ಕೆ ಕಾರಣವೇನೆಂದು ಕೇಳಿದರೆ ವಯಸ್ಸೆಂಬ ಉತ್ತರ ಬರುತ್ತದೆ. ಆ ಉತ್ತರವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಲ್ಲೂರಿನ ಮರಗಳಿಗೆ 400 ವರ್ಷವೆಂದು ಹೇಳುವವರುಂಟು. ಚೋಳರ ಕಾಲದವೆಂಬ ನಂಬಿಕೆಯೂ ಊರಿನಲ್ಲಿದೆ. ಎರಡು ಮಾತುಗಳ ನಡುವೆ ಹಲವು ತಲೆಮಾರುಗಳ ಅಂತರ. ಚಳಿಗಾಲದಲ್ಲಿ ಬೆಳವಣಿಗೆ ಪೂರ್ತಿ ನಿಲ್ಲುವ ಶೀತದೇಶಗಳ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ತೇಗದಂಥ ಕೆಲವನ್ನು ಬಿಟ್ಟರೆ ನಮ್ಮ ಉಷ್ಣವಲಯದ ಅನೇಕ ಮರಗಳಲ್ಲಿ ಅಂಥ ಉಂಗುರಗಳನ್ನು ನಂಬುವಂತಿಲ್ಲ. ಇಂಗಾಲದ ಪರೀಕ್ಷೆ ಮಾಡೋಣವೆಂದರೆ, ಹುಣಸೆ ಮುಪ್ಪಾದಂತೆ ಅದರ ಒಡಲು ಪೊಳ್ಳಾಗುವುದರಿಂದ, ಎಲ್ಲಕ್ಕಿಂತ ಹಳೆಯ ಕಟ್ಟಿಗೆ ಯಾವುದೋ ಅದೇ ಮೊದಲು ಇಲ್ಲವಾಗಿರುತ್ತದೆ. ಉಳಿದ ಕಟ್ಟಿಗೆ ತನ್ನ ವಯಸ್ಸನ್ನು ಹೇಳಬಲ್ಲುದಲ್ಲದೆ ಮರದ ಹುಟ್ಟನ್ನು ಹೇಳಲಾರದು. ಆಲದ ವಿಷಯದಲ್ಲಿ ತಾಯಿಕಾಂಡವೇ ಅಳಿದು ಬಿಳಲುಗಳು ಉಳಿಯುತ್ತವೆ. ಸುತ್ತಳತೆಯಿಂದ ಊಹಿಸೋಣವೆಂದರೆ, ಕೆರೆಯಂಚಿನಲ್ಲಿ ಬೆಳೆದ ಮರಕ್ಕೂ ಕಲ್ಲುನೆಲದಲ್ಲಿ ಬೆಳೆದ ಮರಕ್ಕೂ ವಯಸ್ಸು ಒಂದೇ ಇದ್ದು ದಪ್ಪ ಬೇರೆಯಾಗಿರಬಹುದು. ಹೀಗಿರುವಾಗ ಫಲಕದ ಮೇಲಿನ ಸಂಖ್ಯೆ ಬಹುಮಟ್ಟಿಗೆ ಭಕ್ತಿಯ ಅಂದಾಜು. ಭಕ್ತಿಯಾಗಿ ಅದು ಗೌರವಾರ್ಹ, ಆದರೆ ಕೊಡಲಿ ಯಾವ ಮರದ ಮೇಲೆ ಬೀಳಬೇಕು, ಯಾವುದರ ಮೇಲೆ ಬೀಳಬಾರದು ಎಂಬುದನ್ನು ನಿರ್ಣಯಿಸುವ ಪ್ರಮಾಣವಾಗುವ ಯೋಗ್ಯತೆ ಅದಕ್ಕಿಲ್ಲ.

ದಾಖಲೆಯಿಲ್ಲದ್ದಕ್ಕೆ ಬೆಲೆಯಿಲ್ಲವೆಂಬ ಮಾತನ್ನು ಹೆಬ್ಬಾಳವೇ ಸುಳ್ಳುಮಾಡಿ ತೋರಿಸಿದೆ. 2018ರಲ್ಲಿ ಅಲ್ಲಿ ಚರಂಡಿಗೆಂದು ನೆಲ ಅಗೆಯುತ್ತಿದ್ದಾಗ ಕಲ್ಲೊಂದು ಸಿಕ್ಕಿತು. ಅದನ್ನು ಓದಿದವರು ಗಂಗರ ಶ್ರೀಪುರುಷನ ಆಳ್ವಿಕೆಗೆ ಸೇರಿದ, ಕ್ರಿ.ಶ. 750ರ ಸುಮಾರಿನ, ಕಿತ್ತಯ್ಯನೆಂಬ ವೀರನ ಕಲ್ಲೆಂದು ತಿಳಿಸಿದರು. ಬೆಂಗಳೂರಿನ ನೆಲದಲ್ಲಿ ದೊರೆತ ಅತಿ ಹಳೆಯ ಕನ್ನಡ ಬರಹಗಳ ಸಾಲಿಗೆ ಅದು ಸೇರಿತು. ಹಿಂದಿನ ದಿನದವರೆಗೆ ಅದು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಗುದ್ದಲಿಗೆ ತಾಗಿದಾಗ ಒಡೆದು ಜಲ್ಲಿಯಾಗಿದ್ದರೆ ಆ ವೀರನ ಹೆಸರನ್ನು ನಾವು ಎಂದಿಗೂ ಕೇಳುತ್ತಿರಲಿಲ್ಲ. ಕಲ್ಲಿಗಾದರೂ ಮಣ್ಣಿನ ಕೆಳಗೆ ಸಾವಿರ ವರ್ಷ ಕಾದಿರುವ ಶಕ್ತಿಯಿದೆ, ಅದರ ಮೈಮೇಲೆ ಲಿಪಿಯಿದೆ. ಕಡಿದ ಮರ ಇನ್ನೊಂದು ಚರಂಡಿ ಅಗೆದಾಗ ಸಿಕ್ಕುವುದಿಲ್ಲ.

ಇನ್ನು ದಾಖಲೆಯ ಮರಗಳನ್ನೇ ಸಾಕ್ಷಿಗೆ ಕರೆಯೋಣ. ರಾಮೋಹಳ್ಳಿಯ ಬಳಿ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆಯನ್ನು ಆವರಿಸಿರುವ ದೊಡ್ಡ ಆಲದ ಮರದ ಮೂಲಕಾಂಡ ರೋಗಕ್ಕೆ ತುತ್ತಾಗಿ ಹೋಗಿದೆ. ಈಗ ಕಾಣುವುದು ನೆಲಕ್ಕಿಳಿದು ಕಾಂಡಗಳಾದ ಬಿಳಲುಗಳ ಸಮೂಹ. ಕಲ್ಕತ್ತೆಯ ಎದುರುದಂಡೆ ಶಿಬ್‌ಪುರದ ಸಸ್ಯೋದ್ಯಾನದಲ್ಲಿರುವ ಪ್ರಸಿದ್ಧ ಆಲದ್ದೂ ಇದೇ ಕಥೆ. ಶಿಲೀಂಧ್ರ ಹಿಡಿದ ಅದರ ತಾಯಿಕಾಂಡವನ್ನು 1925ರಲ್ಲಿ ತೆಗೆದುಹಾಕಲಾಯಿತು, ಮರ ಇಂದಿಗೂ ವಿಸ್ತರಿಸುತ್ತಿದೆ. ನಮ್ಮ ಗಡಿಯಾಚೆ, ಕನ್ನಡವೂ ತೆಲುಗೂ ಬೆರೆತು ನಡೆಯುವ ಅನಂತಪುರ ಸೀಮೆಯಲ್ಲಿ, ಕದಿರಿಯ ಹತ್ತಿರದ ತಿಮ್ಮಮ್ಮನ ಆಲ ಸುಮಾರು ಐದು ಎಕರೆಯನ್ನು ಆವರಿಸಿ 1989ರಲ್ಲಿ ಗಿನ್ನೆಸ್ ದಾಖಲೆಯ ಪುಸ್ತಕಕ್ಕೆ ಸೇರಿತು. ಅದನ್ನು ಲೋಕದ ಗಮನಕ್ಕೆ ತಂದವರಲ್ಲಿ ಪ್ರಮುಖರು ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್. ಈ ಮೂರು ಮರಗಳೂ ದಾಖಲೆಯಾದದ್ದು ಹೇಗೆ? ತಮ್ಮ ಬಿಳಲುಗಳನ್ನು ಇಳಿಸುವುದಕ್ಕೆ ಬರಿಯ ಮಣ್ಣು ಸಿಕ್ಕಿದುದರಿಂದ, ಹಳೆಯ ಕಾಂಡ ಅಳಿಯುವಷ್ಟರಲ್ಲಿ ಹೊಸ ಕಾಂಡಗಳು ಸಿದ್ಧವಾಗಿದ್ದುದರಿಂದ, ಸುತ್ತಲಿನ ಜನ ಶತಮಾನಗಳುದ್ದಕ್ಕೂ ಅವಕ್ಕೆ ಎಡೆ ಬಿಟ್ಟುಕೊಟ್ಟುದರಿಂದ. ಅವು ಹಿರಿಯವಾದದ್ದು ಉತ್ತರಾಧಿಕಾರಿಗಳಿದ್ದ ಕಾರಣ. ನಗರದ ಆಲದ ಬಿಳಲು ನೆಲ ಮುಟ್ಟುವ ಮೊದಲೇ, ಬಸ್ಸಿನ ತಲೆಗೆ ತಾಗುತ್ತದೆಂದು, ತಂತಿಗೆ ಸುತ್ತಿಕೊಳ್ಳುತ್ತದೆಂದು ನಾವು ಅದನ್ನು ಕತ್ತರಿಸುತ್ತೇವೆ. ಕತ್ತರಿಸಿದ ಮೇಲೆ ಈ ಮರಕ್ಕೆ ವಿಸ್ತಾರವಿಲ್ಲ, ಇದು ಸಾಮಾನ್ಯವಾದದ್ದು ಎಂದು ಪಟ್ಟಿಯಲ್ಲಿ ಬರೆಯುತ್ತೇವೆ.

ಬೇಲಿಯೊಳಗಿನ ಹಿರಿಯ ಮರಗಳು ಬೇಲಿಯಿಂದಲೇ ಉಳಿಯುವುದಿಲ್ಲವೆಂಬುದಕ್ಕೆ ಆಫ್ರಿಕದ ಬಾವೊಬಾಬ್ ಮರಗಳು ನಿದರ್ಶನ. ಅವುಗಳಲ್ಲಿ ಅತ್ಯಂತ ಹಿರಿಯವೆಂದು ಇಂಗಾಲದ ಪರೀಕ್ಷೆಯಿಂದ ಗೊತ್ತಾಗಿದ್ದ 13 ಮರಗಳ ಪೈಕಿ 9 ಮರಗಳು ಹನ್ನೆರಡು ವರ್ಷಗಳ ಅವಧಿಯಲ್ಲಿ ಪೂರ್ಣವಾಗಿ ಸತ್ತುವು, ಇಲ್ಲವೇ ಅವುಗಳ ಅತಿ ಹಳೆಯ ಕಾಂಡಗಳು ಕುಸಿದುವು ಎಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಸವಣೂರಿನ ಕಲ್ಮಠದಲ್ಲಿ ದೊಡ್ಡಹುಣಸೆಯೆಂದು ಜನ ಕರೆಯುವ ಮೂರು ಬಾವೊಬಾಬ್ ಮರಗಳಲ್ಲಿ ಒಂದು 2023ರ ಜುಲೈ ತಿಂಗಳ ಮಳೆಯಲ್ಲಿ ಉರುಳಿತು. ಯಂತ್ರಗಳನ್ನು ತರಿಸಿ, ಅದನ್ನು ಎತ್ತಿ, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದರು. ಆ ಕೆಲಸಕ್ಕೆ ಕೈಜೋಡಿಸಿದವರೆಲ್ಲರಿಗೂ ನಮಸ್ಕಾರ ಸಲ್ಲಬೇಕು. ಆದರೆ ಆ ಮರಗಳ ತರುವಾಯ ಆ ಸ್ಥಾನಕ್ಕೆ ಬರತಕ್ಕವು ಯಾವುವು? ಮುನ್ನೂರು ವರ್ಷದ ಮರ ಅಳಿದಾಗ ಇನ್ನೂರು ವರ್ಷದ್ದೊಂದು ಇರಬೇಕು. ಅದರ ಹಿಂದೆ ನೂರರದು, ಅದರ ಹಿಂದೆ ನಲವತ್ತರದು. ದಾಖಲೆಯ ಮರವನ್ನು ಮಾತ್ರ ಕಾಯುವ ನೀತಿ ಈ ಸರಪಳಿಯ ತುದಿಯ ಒಂದು ಕೊಂಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಿಕ್ಕ ಕೊಂಡಿಗಳನ್ನೆಲ್ಲ ಕರಗಿಸುವ ನೀತಿ. ಹೀಗೆ ನಡೆದರೆ ಮುಂದಿನ ಶತಮಾನದ ಬೆಂಗಳೂರಿನಲ್ಲಿ ದಾಖಲೆಗೆ ಸೇರಿಸಲು ಮರವೇ ಇರುವುದಿಲ್ಲ.

ನಲವತ್ತು ವರ್ಷದ ಕೊಂಡಿ ನಮ್ಮ ಕಣ್ಣೆದುರಿಗೇ ಇದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ನಗರದ ಎಷ್ಟೋ ಅಡ್ಡರಸ್ತೆಗಳಲ್ಲಿ ಮಧ್ಯಾಹ್ನದ ಬಿಸಿಲು ಇಂದು ನೆಲಕ್ಕೆ ನೇರವಾಗಿ ಬೀಳದಿರುವುದು ಆ ದಶಕದ ಕೆಲಸದ ಫಲ. ಇದನ್ನು ಹೇಳಿದೊಡನೆ ಪ್ರತಿಪಕ್ಷದವರು, ನೋಡಿ, ಸಸಿ ನೆಟ್ಟರೆ ಮರವಾಗುತ್ತದೆಂದು ನೀವೇ ಒಪ್ಪಿದಿರಿ ಎನ್ನುತ್ತಾರೆ. ಒಪ್ಪಿದೆ, ಅದರಲ್ಲಿ ನನಗೆ ಸಂದೇಹವೆಂದೂ ಇರಲಿಲ್ಲ. ನೇಗಿನಹಾಳರು ನೆಟ್ಟದ್ದು ಮರವಿಲ್ಲದ ಕಡೆ, ಇದ್ದ ಮರಗಳ ಜೊತೆಗೆ ಇನ್ನಷ್ಟಿರಲೆಂದು; ಕಡಿದ ಮರದ ಬೆಲೆಯಾಗಿ ಅಲ್ಲ. ಮೊದಲಿನದು ಸಂಪತ್ತನ್ನು ಬೆಳೆಸುವ ಕೆಲಸ, ಎರಡನೆಯದು ಇದ್ದ ಸಂಪತ್ತನ್ನು ಕಳೆದು ಅದಕ್ಕೆ ಪತ್ರ ಬರೆದುಕೊಡುವ ಕೆಲಸ. ಮೇಲಾಗಿ ನೇಗಿನಹಾಳರ ಮರಗಳು ಈಗಷ್ಟೇ ನೆರಳು ಕೊಡುವ ವಯಸ್ಸಿಗೆ ಬಂದಿವೆ. ರಸ್ತೆ ಅಗಲಮಾಡುವ ನಕ್ಷೆಗಳು ಮೊದಲು ಹೊರಟಿರುವುದು ಅವುಗಳ ಮೇಲೆಯೇ.

ಒಂದಕ್ಕೆ ಹತ್ತು ಎಂಬ ಗಣಿತವನ್ನು ಗಣಿತವಾಗಿಯೇ ನೋಡೋಣ. ಮೂರು ಮೀಟರ್ ಸುತ್ತಳತೆಯ ಮರವೊಂದನ್ನು ಕಡಿದು, ಹತ್ತು ಸೆಂಟಿಮೀಟರ್ ಸುತ್ತಳತೆಯ ಸಸಿಗಳನ್ನು ನೆಟ್ಟೆವೆಂದು ಇಟ್ಟುಕೊಳ್ಳಿ. ಸುತ್ತಳತೆ ಮೂವತ್ತರಷ್ಟಾದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಒಂಬೈನೂರರಷ್ಟಾಗುತ್ತದೆ. ಆದುದರಿಂದ ಕಾಂಡವೊಂದಕ್ಕೇ ಸರಿಗಟ್ಟಬೇಕಾದರೆ 900 ಸಸಿಗಳು ಬೇಕು, ಹತ್ತು ಸಸಿಗಳಿಂದ ತೊಂಬತ್ತರಲ್ಲಿ ಒಂದು ಪಾಲು ಸಂದಾಯವಾಯಿತು. ಎತ್ತರವನ್ನೂ ಹಂದರದ ಹರವನ್ನೂ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹತ್ತೂ ಬದುಕುತ್ತವೆಂದು ಊಹಿಸಿದ್ದೇವೆ. ಬೇಸಗೆಯಲ್ಲಿ ನೀರು ಹಾಕುವವರಾರು, ದನದ ಬಾಯಿಂದ ಕಾಯುವವರಾರು ಎಂಬುದನ್ನು ಕೇಳಿಲ್ಲ. ಮರ ಮುಪ್ಪಾದ ಮೇಲೆ ಅದರ ಬೆಳವಣಿಗೆ ನಿಂತುಹೋಗುತ್ತದೆ, ಆದುದರಿಂದ ಎಳೆಯ ಮರಗಳೇ ಹೆಚ್ಚು ಲಾಭದಾಯಕ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ 403 ಜಾತಿಗಳ ಆರು ಲಕ್ಷಕ್ಕೂ ಮಿಕ್ಕ ಮರಗಳ ಅಳತೆಗಳನ್ನು ಪರಿಶೀಲಿಸಿ ಇದಕ್ಕೆ ವಿರುದ್ಧವಾದುದನ್ನೇ ಕಂಡಿತು: ಬಹುಪಾಲು ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ಅದು ವರ್ಷಕ್ಕೆ ಸೇರಿಸಿಕೊಳ್ಳುವ ಇಂಗಾಲ ಹೆಚ್ಚುತ್ತಲೇ ಹೋಗುತ್ತದೆ. ಒಂದು ಭಾರಿ ಮರ ಒಂದೇ ವರ್ಷದಲ್ಲಿ ಕೂಡಿಸಿಕೊಳ್ಳುವ ಮೊತ್ತ ಒಂದು ಮಧ್ಯಮ ಗಾತ್ರದ ಮರ ತನ್ನ ಜೀವಮಾನದಲ್ಲಿ ಕೂಡಿಸಿಕೊಂಡಷ್ಟಿರಬಹುದು.

ಬೆಂಗಳೂರಿನ ರಸ್ತೆಗಳಲ್ಲಿಯೇ ನಡೆಸಿದ ಅಳತೆಯೂ ಇದೆ. ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದಂತೆ, ಮರಗಳುಳ್ಳ ರಸ್ತೆಯ ಭಾಗದಲ್ಲಿ ಮರಗಳಿಲ್ಲದ ಭಾಗಕ್ಕಿಂತ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆಯಿತ್ತು. ಯಶವಂತಪುರದ ಮಾರುಕಟ್ಟೆಯ ಬಳಿ ತಳ್ಳುಗಾಡಿ ನಿಲ್ಲಿಸಿಕೊಂಡು ಸೊಪ್ಪು ಮಾರುವ ಹೆಂಗಸಿಗೆ ಈ ಅಂಕಿಗಳು ಬೇಕಿಲ್ಲ. ಮರ ಹೋದ ಕಡೆ ಹನ್ನೊಂದು ಗಂಟೆಗೇ ಸೊಪ್ಪು ಬಾಡುತ್ತದೆ, ಮತ್ತೆ ಮತ್ತೆ ನೀರು ಚಿಮುಕಿಸಬೇಕಾಗುತ್ತದೆ, ಸಂಜೆಗೆ ಉಳಿದದ್ದನ್ನು ಅರ್ಧ ಬೆಲೆಗೆ ಕೊಡಬೇಕಾಗುತ್ತದೆ. ಹತ್ತು ಸಸಿಗಳನ್ನು ಊರಾಚೆ ಯಾವುದೋ ಅರಣ್ಯದ ತುಂಡಿನಲ್ಲಿ ನೆಟ್ಟರೆ ಅವಳ ನಷ್ಟಕ್ಕೆ ಪರಿಹಾರವಾದದ್ದು ಹೇಗೆ? ನೆರಳು ಸ್ಥಳಕ್ಕೆ ಅಂಟಿಕೊಂಡ ವಸ್ತು. ಅದನ್ನು ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗಾಯಿಸಲು ಬರುವುದಿಲ್ಲ.

ಮುಪ್ಪಿಗೆ ಮಾತ್ರ ಸಾಧ್ಯವಾದ ಉಪಕಾರಗಳೂ ಇವೆ. ಪೊಟರೆಯೆಂಬುದು ಎಳೆಯ ಮರದಲ್ಲಿ ಇರುವುದಿಲ್ಲ. ಕೊಂಬೆ ಮುರಿದು, ಮಳೆನೀರು ನಿಂತು, ಕಟ್ಟಿಗೆ ಮೆತ್ತಗಾಗಿ, ಮರಕುಟಿಗ ಕೊರೆದು, ಹಲವು ದಶಕಗಳಲ್ಲಿ ಅದು ಸಿದ್ಧವಾಗುತ್ತದೆ. ಆಮೇಲೆ ಗಿಳಿ ಬರುತ್ತದೆ, ಗೊರವಂಕ ಬರುತ್ತದೆ, ಗೂಬೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸರ್ಕಾರ ಜಾಗ ಕೊಟ್ಟಾಗ ಯಶವಂತಪುರದ ಪಕ್ಕದ ಆ ನೆಲ ಬಹುತೇಕ ಬಯಲು. ಒಂದು ನೂರು ವರ್ಷ ಮರಗಳನ್ನು ಬೆಳೆಯಗೊಟ್ಟುದರಿಂದ ಇಂದು ಅಲ್ಲಿ ಕಾಡುಪಾಪ ಬದುಕಿದೆ. ಇರುಳಿನಲ್ಲಿ ದೊಡ್ಡ ಕಣ್ಣು ಬಿಟ್ಟುಕೊಂಡು, ಒಂದು ಕೊಂಬೆಯನ್ನು ಬಿಡುವ ಮೊದಲು ಇನ್ನೊಂದನ್ನು ಹಿಡಿದುಕೊಂಡು ಮೆಲ್ಲನೆ ಚಲಿಸುವ ಈ ಪ್ರಾಣಿಗೆ ನೆಗೆಯಲು ಬಾರದು. ಮರದಿಂದ ಮರಕ್ಕೆ ಕೊಂಬೆ ತಾಗಿರಲೇಬೇಕು. ಸಾಲಿನ ನಡುವೆ ಒಂದೇ ಒಂದು ಮರ ಹೋದರೂ ಅದರ ಲೋಕ ಎರಡು ತುಂಡಾಗುತ್ತದೆ. ಅಲ್ಲಿನ ಯಾವ ಮರವೂ ಗಿನ್ನೆಸ್ ಪುಸ್ತಕದಲ್ಲಿಲ್ಲ. ಕಾಡುಪಾಪಕ್ಕೆ ಬೇಕಾದುದು ಮರಗಳ ನಿರಂತರತೆ. ಅದನ್ನು ಅಳೆಯುವ ಅಂಕಣವೇ ನಮ್ಮ ಪಟ್ಟಿಗಳಲ್ಲಿಲ್ಲ.

ಈ ಸೀಮೆಯ ಹಿರಿಯರು ಮರಗಳನ್ನು ಒಂಟಿಯಾಗಿ ಎಣಿಸಿದವರಲ್ಲ. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಕೆರೆಯಿದ್ದಂತೆ, ಗೋಮಾಳವಿದ್ದಂತೆ ಗುಂಡುತೋಪೂ ಇರುತ್ತಿತ್ತು; ಕಂದಾಯದ ದಾಖಲೆಯಲ್ಲಿ ಇಂದಿಗೂ ಎಷ್ಟೋ ಸರ್ವೆ ನಂಬರುಗಳ ಮುಂದೆ ಆ ಹೆಸರೇ ಬರೆದಿದೆ. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆಗಳನ್ನು ಊರವರು ಸಾಮುದಾಯಿಕವಾಗಿ ನೆಟ್ಟು ಬೆಳೆಸಿದ ಈ ತೋಪುಗಳಲ್ಲಿ ದಾರಿಹೋಕರು ತಂಗಿದರು, ದನಗಳು ಮಧ್ಯಾಹ್ನದ ಬಿಸಿಲು ಕಳೆದವು, ಜಾತ್ರೆಗಳು ನಡೆದವು. ಹುಣಸೆ ಹಣ್ಣಾಗುವ ತಿಂಗಳಲ್ಲಿ ಗಂಡಸರು ಮರ ಹತ್ತಿ ಗಳುವಿನಿಂದ ಬಡಿದರೆ, ಕೆಳಗೆ ಹೆಂಗಸರು ಆಯ್ದು ಒಣಗಿಸಿ, ಓಡು ಒಡೆದು, ನಾರು ಎಳೆದು, ಬೀಜ ಬಿಡಿಸಿ ವರ್ಷದ ಹುಳಿಯನ್ನು ಉಪ್ಪು ಬೆರೆಸಿ ಮಡಕೆಗೆ ತುಂಬುತ್ತಿದ್ದರು. ನಲ್ಲೂರಿನ ತೋಪೂ ಮೂಲತಃ ಹುಣಸೆಯ ತೋಪೇ; ಯಾರೂ ಅದನ್ನು ದಾಖಲೆಯಾಗಲೆಂದು ಬೆಳೆಸಲಿಲ್ಲ, ಅದು ಉಪಯೋಗದಲ್ಲಿದ್ದು ಉಳಿಯಿತು. ಅದರ ಸಂಗಾತಿಗಳಾಗಿದ್ದ ತೋಪುಗಳು ಏನಾದವು? ಬಹಳಷ್ಟು ಬಸ್ ನಿಲ್ದಾಣಗಳಾದವು, ಶಾಲೆಗಳಾದವು, ಕಚೇರಿಗಳಾದವು, ನಿವೇಶನಗಳಾದವು. ಶಾಲೆಯೂ ಬೇಕಾದದ್ದೇ. ಆದರೆ ಊರಿಗೆ ಹೊಸದಾಗಿ ಏನು ಬೇಕಾದರೂ ಅದು ತೋಪಿನ ನೆಲದಲ್ಲಿಯೇ ಬರಬೇಕೆಂಬ ಪದ್ಧತಿ ಹೇಗೆ ಬೆಳೆಯಿತೆಂದರೆ, ತೋಪಿಗೆ ಒಡೆಯನಿಲ್ಲ, ಅಲ್ಲಿನ ಮರಕ್ಕೆ ಹೆಸರಿಲ್ಲ ಎಂಬ ಭಾವನೆಯಿಂದ. ನಲ್ಲೂರು ಉಳಿಯಿತು ಎಂಬ ಸಮಾಧಾನ ಆ ಭಾವನೆಗೆ ಬಲ ಕೊಟ್ಟಿದೆ.

ಇದೆಲ್ಲ ಭಾವುಕತೆ ಎಂದು ತಳ್ಳಿಹಾಕುವವರು 2016ನ್ನು ನೆನೆಯಲಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲುಸೇತುವೆಗಾಗಿ 812 ಮರಗಳನ್ನು ಕಡಿಯುವ ಯೋಜನೆ ಹೊರಟಾಗ, ಅಕ್ಟೋಬರ್ 16ರಂದು ಸಾವಿರಾರು ಜನ ಬಳ್ಳಾರಿ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ 812ರಲ್ಲಿ ವಯಸ್ಸಿನ ಫಲಕ ಹೊತ್ತ ಮರವನ್ನು ಕಾಯಲು ಬಂದವರು ಅವರಲ್ಲ. ತಾವು ದಿನವೂ ಹಾದುಹೋಗುವ ಸಾಧಾರಣ ಮರಗಳಿಗಾಗಿ ಬಂದವರು. ಆ ದಿನ ರಸ್ತೆಯಲ್ಲಿ ನಿಂತ ಜನರ ತಿಳಿವಳಿಕೆ ಪಟ್ಟಿ ಮಾಡುವವರ ತಿಳಿವಳಿಕೆಗಿಂತ ಸೂಕ್ಷ್ಮವಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಉಳಿದದ್ದು ಒಂದು ಗಂಭೀರವಾದ ಆಕ್ಷೇಪ. ಹಳೆಯ ಮರ ಬೀಳುತ್ತದೆ. ಬಿದ್ದು ಜನ ಸತ್ತಿದ್ದಾರೆ. 2024ರ ಜೂನ್ 2ರಂದು ಈ ಊರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದಾಗ ನೂರಾರು ಮರಗಳು ಉರುಳಿದವು. ಇದನ್ನು ಹಗುರವಾಗಿ ಕಾಣುವವನು ಮರದ ಮಿತ್ರನಲ್ಲ. ಆದರೆ ಬಿದ್ದ ಮರದ ಬುಡವನ್ನು ಬಗ್ಗಿ ನೋಡಿದವರಿಗೆ ಅಲ್ಲಿ ಮುಪ್ಪಿಗಿಂತ ಬೇರೆಯ ಕಾರಣ ಕಾಣುತ್ತದೆ. ಪಾದಚಾರಿ ಮಾರ್ಗದ ಕಾಂಕ್ರೀಟು ತೊಗಟೆಗೆ ತಾಗುವವರೆಗೆ ಬಂದಿರುತ್ತದೆ. ಒಂದು ಗೇಣಿನಷ್ಟೂ ಮಣ್ಣು ಇರುವುದಿಲ್ಲ. ಒಂದು ಪಾರ್ಶ್ವದಲ್ಲಿ ಮಳೆನೀರಿನ ಚರಂಡಿಗೆಂದು, ಇನ್ನೊಂದರಲ್ಲಿ ಕೇಬಲಿಗೆಂದು ಬೇರುಗಳನ್ನು ಜೆಸಿಬಿಯಿಂದ ಸೀಳಿದ ಗುರುತು ಕಪ್ಪಾಗಿ ಉಳಿದಿರುತ್ತದೆ. ಹೀಗೆ ಎರಡು ಕಡೆಯ ಆಧಾರವೂ ಕಡಿದುಹೋದ ಮರದ ತಲೆಯನ್ನು ತಂತಿಯ ಕಡೆಗೆ ಮಾತ್ರ ಕತ್ತರಿಸಿ, ಭಾರವನ್ನೆಲ್ಲ ರಸ್ತೆಯ ಕಡೆಗೆ ಬಿಟ್ಟಿರುತ್ತಾರೆ. ಇಂಥ ಮರ ಮೂವತ್ತು ವರ್ಷದ್ದಾದರೂ ಬೀಳುತ್ತದೆ. ತೆರೆದ ಮಣ್ಣಿನಲ್ಲಿ ಬೇರು ಬಿಟ್ಟ ನಲ್ಲೂರಿನ ಹುಣಸೆಗಳು ಒಡಲು ಪೊಳ್ಳಾದರೂ ನಿಂತಿವೆ. ಮರಕ್ಕೆ ನಾವು ಮಾಡಿದ ಗಾಯವನ್ನು ಮರದ ಮುಪ್ಪಿನ ಮೇಲೆ ಹೊರಿಸಿ, ಅದರ ನೆಪದಲ್ಲಿ ಪಕ್ಕದ ಆರೋಗ್ಯವಂತ ಮರವನ್ನೂ ಕಡಿಯುವುದು ನ್ಯಾಯವಲ್ಲ. ರೋಗ ಹಿಡಿದು ಬೀಳುವ ಮರವನ್ನು, ಬಲ್ಲವರು ಪರೀಕ್ಷಿಸಿ ಹೇಳಿದರೆ, ತೆಗೆಯಲೇಬೇಕು. ಅದಕ್ಕೆ ನನ್ನ ವಿರೋಧವಿಲ್ಲ.

ಇದಕ್ಕೆಲ್ಲ ಹೊಸ ಶಾಸನ ಬೇಕಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಇರುವ ಮರಗಳ ಗಣತಿಯನ್ನು ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲಿ ಒಂದೆಂದು ಆಗಲೇ ಹೇಳಿದೆ. ಸಾರ್ವಜನಿಕ ಕಾಮಗಾರಿಗಾಗಿ ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಾಗ ಜನರ ಆಕ್ಷೇಪಣೆಗಳನ್ನು ಕರೆಯಬೇಕೆಂಬ ನಿಯಮವೂ ಅನಂತರ ಸೇರಿದೆ. ಕೊರತೆಯಿರುವುದು ಗಣತಿಯಲ್ಲಿ ಏನನ್ನು ಬರೆಯುತ್ತೇವೆ ಎಂಬುದರಲ್ಲಿ, ಅದನ್ನು ಯಾವಾಗ ತೆರೆದು ನೋಡುತ್ತೇವೆ ಎಂಬುದರಲ್ಲಿ. ಜಾತಿ, ಸುತ್ತಳತೆ, ಎತ್ತರಗಳ ಜೊತೆಗೆ ಆ ಮರದಲ್ಲಿ ಪೊಟರೆಯಿದೆಯೇ, ಅದರ ಕೊಂಬೆ ಪಕ್ಕದ ಮರಕ್ಕೆ ತಾಗುತ್ತದೆಯೇ, ಅದರ ಬುಡದಲ್ಲಿ ಎಷ್ಟು ಚದರಡಿ ಮಣ್ಣಿದೆ, ಅದು ನಿಂತ ನೆಲ ಕಂದಾಯದ ದಾಖಲೆಯಲ್ಲಿ ಗುಂಡುತೋಪೇ, ಅದರ ನೆರಳಿನಲ್ಲಿ ಯಾರು ಜೀವನ ನಡೆಸುತ್ತಿದ್ದಾರೆ ಎಂಬುದೂ ಬರೆದಿರಬೇಕು. ಹೀಗೆ ಬರೆದ ಪಟ್ಟಿ ರಸ್ತೆಯ ನಕ್ಷೆ ಎಳೆಯುವ ಎಂಜಿನಿಯರನ ಮೇಜಿನ ಮೇಲೆ ಮೊದಲ ದಿನವೇ ಇರಬೇಕು. ಹೆಬ್ಬಾಳದಲ್ಲಾಗಲಿ ಯಲಹಂಕದಲ್ಲಾಗಲಿ ಮುಂದಿನ ಪ್ರಕಟಣೆ ಹೊರಟಾಗ ಆಕ್ಷೇಪಣೆ ಬರೆಯುವವರು ಪರಿಹಾರದ ಸಸಿಗಳನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿರೆಂದು ಕೇಳುವುದನ್ನು ಬಿಟ್ಟು, ಪಥವನ್ನು ಗೊತ್ತುಮಾಡುವ ಮುನ್ನ ಮರಗಳ ಪಟ್ಟಿಯನ್ನು ನೋಡಿದ್ದಿರಾ, ನೋಡಿದ್ದರೆ ಬೇರೆ ಯಾವ ಪಥಗಳನ್ನು ಪರಿಶೀಲಿಸಿ ಏಕೆ ಬಿಟ್ಟಿರಿ ಎಂಬ ಪ್ರಶ್ನೆಯನ್ನು ಮೊದಲ ಸಾಲಿನಲ್ಲಿಯೇ ಬರೆದು, ಲಿಖಿತವಾದ ಉತ್ತರ ಬರುವ ತನಕ ಪಟ್ಟು ಬಿಡದಿರಲಿ.